ಕಿವಿರು ಎತ್ತಿ ನೋಡುವುದು

ಆಯಿಗೆ ಚೆನ್ನಾಗಿ ಗೊತ್ತಿರುವ ಇಂಗ್ಲಿಷ್ ಪದ ಒಂದೇ: ಫ್ರೆಶ್.
ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ ಇಪ್ಪತ್ತೆರಡು ವರ್ಷ
ಕೈಗಾದ ಕಾಲನಿಯವರಿಗೆ, ನೇವಿಯ ಹುಡುಗರಿಗೆ
ಇಸ್ವಣದ ಕಿವಿರು ಎತ್ತಿ ತೋರಿಸುತ್ತ
ಹೇಳಿದ್ದು ಅದನ್ನೇ.
ಒಳಗೆ ಕೆಂಪಿದ್ದರೆ ಇವತ್ತಿನದು.
ಕಂದಿದ್ದರೆ ನಿನ್ನೆಯದು.
ಬೂದಿ ಬಣ್ಣವಾದರೆ
ಮಾತು ಬೇಡ, ಉಪ್ಪು ಹಾಕು.

ಹಾಗಾಗಿ ನಾನು ಫ್ರೆಶರ್ ಅಂದಾಗ
ವಿವರಿಸಬೇಕಾಗಲಿಲ್ಲ.
ಎಷ್ಟು ದಿನ ಇರ್ತದೆ ಅದು? ಕೇಳಿದಳು.
ಒಂದು ವರ್ಷ.
ಐಸ್ ಹಾಕದೇ?

ಈಗ ಹದಿನಾಲ್ಕು ತಿಂಗಳು.
ಮೊನ್ನೆ ಒಂದು ಕಂಪನಿ: ಈ ವರ್ಷ ಪಾಸಾದವರು ಮಾತ್ರ.
ಅದರ ಕೆಳಗೇ ಇನ್ನೊಂದು: ಕನಿಷ್ಠ ಎರಡು ವರ್ಷ ಅನುಭವ.
ಎರಡರ ನಡುವೆ ಒಬ್ಬರೇ ಹಾಯಬಹುದಾದ ಓಣಿ,
ಅಲ್ಲಿ ಇಡೀ ಬ್ಯಾಚು ನಿಂತಿದೆ.

ಹಗಲು ನಾಗೇಕರ ಝೆರಾಕ್ಸಿನಲ್ಲಿ ಕೂರುತ್ತೇನೆ.
ಪಹಣಿ ತೆಗೆಯುತ್ತೇನೆ, ಆಧಾರಿನ ಹೆಸರು ತಿದ್ದುತ್ತೇನೆ,
ಬೇರೆಯವರ ಬಯೋಡಾಟಾ ಟೈಪ್ ಮಾಡುತ್ತೇನೆ.
ಸದಾಶಿವಗಡದ ಹುಡುಗನೊಬ್ಬನಿಗೆ
"ಕಠಿಣ ಪರಿಶ್ರಮಿ" ಎಂದು ಸೇರಿಸಿಕೊಟ್ಟೆ, ಚಾರ್ಜು ಮಾಡಲಿಲ್ಲ.
ಅವನಿಗೆ ಕೆಲಸ ಸಿಕ್ಕಿತು. ಪೇಡೆ ತಂದಿದ್ದ.
ತಿಂದೆ. ಸಿಹಿಯೇ ಇತ್ತು.

ಬೈತಖೋಲದ ನಮ್ಮ ಮನೆಯಲ್ಲಿ ಸಿಗ್ನಲ್ ಇರುವುದು ತಾರಸಿಯ ಮೇಲೆ,
ಒಣಗಲು ಹಾಕಿದ ಬಂಗಡೆಯ ಪಕ್ಕ.
ಆನ್‌ಲೈನ್ ಪರೀಕ್ಷೆ. ಕ್ಯಾಮೆರಾ ಆನ್ ಇರಬೇಕು,
ಆಚೀಚೆ ನೋಡಬಾರದು, ತುಟಿ ಅಲ್ಲಾಡಬಾರದು.
ಮೂರನೆಯ ಪ್ರಶ್ನೆ ಅರ್ಧಕ್ಕೆ ಬಂದಿತ್ತು,
ಕಾಗೆ ಬಂತು.
ಕತ್ತು ನಾನು ತಿರುಗಿಸಿದ್ದಲ್ಲ,
ಹುಟ್ಟಿದಾಗಿನ ಅಭ್ಯಾಸ ತಿರುಗಿಸಿತು. ಹಾ! ಎಂದೆ.
ಪರದೆ ಬೆಳ್ಳಗಾಗಿ ಬರೆಯಿತು:
ಸಂಶಯಾಸ್ಪದ ಚಲನೆ ಕಂಡುಬಂದಿದೆ.
ಕಾಗೆಗಾದರೂ ಒಂದು ಬಂಗಡೆ ಸಿಕ್ಕಿತು.

ಒಮ್ಮೆ ಸಂದರ್ಶನದ ತನಕ ಹೋಗಿದ್ದೆ.
ಸುಲಕ್ಷಾ ತಾಂಡೇಲ, ತಾಂಡೇಲ ಅಂದರೇನು? ಕೇಳಿದರು.
ದೋಣಿ ನಡೆಸುವವನು, ಸರ್.
ಓ, ಲೀಡರ್‌ಶಿಪ್! ನಕ್ಕರು, ಏನೋ ಬರೆದುಕೊಂಡರು.
ಮೂರು ವಾರದ ಮೇಲೆ ಮೇಲ್ ಬಂತು.
ಈಗ ಮೇಲ್ ಪೂರ್ತಿ ಓದುವುದಿಲ್ಲ,
"ಆದರೆ" ಎಲ್ಲಿದೆ ಎಂದು ಹುಡುಕುತ್ತೇನೆ.
ಸಾಮಾನ್ಯವಾಗಿ ಎರಡನೆಯ ಸಾಲಿನಲ್ಲಿ.

ಭಾನುವಾರ ದಂಡೆಯಲ್ಲಿ ರಂಪಣಿ ಎಳೆಯುತ್ತಿದ್ದರು,
ಈಗ ಅದೂ ಅಪರೂಪ.
ಏ ಕಂಪ್ಯೂಟರ್, ಸುಮ್ಮನೆ ಯಾಕೆ ನಿಂತಿ? ಹಗ್ಗ ಹಿಡಿ,
ವಾಮನ ಕಾಕಾ ಕೂಗಿದರು.
ಹಿಡಿದೆ. ಹಿಂದೆ ಎಳೆದದ್ದುಂಟೇ ಎಂದು ಯಾರೂ ಕೇಳಲಿಲ್ಲ.
ಹಿಮ್ಮಡಿ ಎಲ್ಲಿ ಊರಬೇಕೆಂದು ಮಾತ್ರ
ಎದುರಿನವಳು ಕಾಲಿನಿಂದಲೇ ತೋರಿಸಿದಳು.
ಬಲೆಯಲ್ಲಿ ಹೆಚ್ಚೇನೂ ಇರಲಿಲ್ಲ.
ನನ್ನ ಪಾಲು ಒಂಬತ್ತು ತಾರ್ಲಿ,
ಅಂಗೈಯ ಚರ್ಮ ಕಿತ್ತದ್ದು ಬೇರೆ.
ಇದನ್ನೇ ಉದ್ಯೋಗ ಅನ್ನು ಎಂದು ಯಾರಾದರೂ ಹೇಳಿದರೆ
ಕೋಪ ಬರುತ್ತದೆ. ನಾನು ಓದಿದ್ದೇನೆ.
ಓದಿದ್ದನ್ನು ಮಾಡಬೇಕು ನನಗೆ.

ಮಾಡಿದ್ದೂ ಇದೆ ಒಂದು:
ಆಯಿಯ ಉದ್ರಿ ಲೆಕ್ಕದ ಪ್ರೋಗ್ರಾಂ.
ಬಳಸುವವರು ಒಬ್ಬರು.
ಅಕ್ಷರ ಬಾರದ್ದಕ್ಕೆ ಹೆಸರಿನ ಜಾಗದಲ್ಲಿ ಚಿತ್ರ:
ಕನ್ನಡಕ ಅಂದರೆ ಬ್ಯಾಂಕಿನವರು,
ಬೆಕ್ಕು ಅಂದರೆ ಕೋಡಿಬಾಗದ ಟೀಚರು,
ಕೊಡೆ ಅಂದರೆ ಬಿಸಿಲಲ್ಲೂ ಕೊಡೆ ಹಿಡಿದು ಬರುವ ಪೋಸ್ಟಿನ ಬಾಯಿ.

ನಿನ್ನೆ ರಾತ್ರಿ ಇನ್ನೊಂದು ಅರ್ಜಿ ತುಂಬುತ್ತಿದ್ದೆ,
"ಪಾಸಾದ ವರ್ಷ" ಎಂಬಲ್ಲಿ ನಿಂತಿದ್ದೆ.
ಆಯಿ ಫೋನು ಮುಂದೆ ಹಿಡಿದಳು:
ಕೊಡೆ ಪೂರಾ ದುಡ್ಡು ಕೊಟ್ಟಾಯ್ತು,
ಆದರೂ ಇಲ್ಲಿಂದ ಹೋಗುವುದಿಲ್ಲ ಅಂತದೆ.

ನೋಡಿದೆ. ತಪ್ಪು ನನ್ನದೇ,
ಸೊನ್ನೆಯನ್ನೂ ಬಾಕಿ ಎಂದೇ ಹಿಡಿದಿದ್ದೆ.
ಅಂಗೈ ಉರಿಯುತ್ತಿತ್ತು, ಒಂದೇ ಬೆರಳಲ್ಲಿ ತಿದ್ದಿದೆ.
ಅವಳು ಪಕ್ಕದಲ್ಲಿ ಕೂತು
ಮೀನಿನ ಕಿವಿರು ನೋಡುವ ಹಾಗೆ
ಪರದೆಯನ್ನೇ ನೋಡುತ್ತಿದ್ದಳು.

ಹನ್ನೊಂದೂವರೆಗೆ
ಕೊಡೆ ಹೋಯಿತು.